ಸ್ಪ್ರಿಂಗ್ ಹಾಕಿದ ಕಂಪ್ಯೂಟರ್

ನನ್ನ ಕಂಪ್ಯೂಟರಿನ ಒಳಗೆ ಏನಿದೆ ಎಂದು ನಾನು ಮೊದಲ ಸಲ ನೋಡಿದ್ದು, ಅದನ್ನು ವಿಮಾನದಲ್ಲಿ ಸಾಗಿಸಬೇಕಾಗಿ ಬಂದಾಗ. ಅಲ್ಲಿಯವರೆಗೆ ಎಷ್ಟೋ ವರ್ಷ ಅದರ ಮುಂದೆ ಕೂತು ಕೆಲಸ ಮಾಡಿದ್ದೆ. ಪರದೆ ಒರೆಸಿದ್ದೆ, ಕೀಲಿಮಣೆಯನ್ನು ತಲೆಕೆಳಗು ಮಾಡಿ ದೂಳು ಕೊಡವಿದ್ದೆ. ಮೇಜಿನ ಕೆಳಗೆ ಕಾಲಿಗೆ ತಾಗಿಕೊಂಡು ಕೂತಿದ್ದ ಕಪ್ಪು ಡಬ್ಬಿಯನ್ನು ಮಾತ್ರ ಮುಟ್ಟುವ ಧೈರ್ಯ ಮಾಡಿರಲಿಲ್ಲ. ಅದು ಗುಂಯ್ ಎಂದರೆ ಸಮಾಧಾನ, ಸುಮ್ಮನಾದರೆ ಗಾಬರಿ. ನಮ್ಮಿಬ್ಬರ ಒಡನಾಟ ಅಷ್ಟರಲ್ಲೇ ಇತ್ತು.

ನನ್ನ ಕೆಲಸ ಕಸೂತಿ ಯಂತ್ರಗಳಿಗೆ ವಿನ್ಯಾಸ ಬರೆಯುವುದು. ಶಾಲೆಯವರು, ಕ್ರೀಡಾ ಸಂಘದವರು ತಮ್ಮ ಲಾಂಛನದ ಚಿತ್ರ ಕಳಿಸುತ್ತಾರೆ. ಚಿತ್ರ ನೋಡಿದರೆ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಸೂಜಿ ಎಲ್ಲಿ ಇಳಿಯಬೇಕು, ದಾರ ಯಾವ ದಿಕ್ಕಿಗೆ ಮಲಗಬೇಕು, ಬಣ್ಣ ಎಲ್ಲಿ ಬದಲಾಗಬೇಕು, ಒಂದೊಂದು ಹೊಲಿಗೆಯನ್ನೂ ಹೇಳಿಕೊಡಬೇಕು. ಹಕ್ಕಿಯ ರೆಕ್ಕೆಗೆ ದಾರ ಅಡ್ಡ ಬಿದ್ದರೆ ಅದು ಮೀನಿನ ಹಾಗೆ ಕಾಣುತ್ತದೆ. ಇದನ್ನೆಲ್ಲ ನಾನು ಸಂಜೆ ತರಗತಿಗೆ ಹೋಗಿ ಕಲಿತೆ. ಅಣ್ಣನ ಹಾಸಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅರಳೆ ಮೂಟೆಗಳ ನಡುವೆ ಒಂದು ಮೇಜು ಹಾಕಿಕೊಂಡು ಶುರು ಮಾಡಿದ್ದು, ಹೇಗೋ ಕೈ ಹಿಡಿಯಿತು.

ನಮ್ಮವರು ಲಿಫ್ಟ್ ರಿಪೇರಿ ಮಾಡುವವರು. ಹೊರದೇಶದ ಲಿಫ್ಟ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿ ಮೊದಲೇ ಹೋಗಿದ್ದರು. ಅಲ್ಲಿ ಎರಡು ಕೋಣೆಯ ಮನೆ ಹಿಡಿದ ಮೇಲೆ ನನಗೂ ಅತ್ತೆಗೂ ಟಿಕೆಟ್ ಕಳಿಸಿದರು. ಜೊತೆಗೆ ಇನ್ನೊಂದು ಸುದ್ದಿಯನ್ನೂ ಹೇಳಿದರು. ಅವರ ಬೀದಿಯಲ್ಲೇ ಸಮವಸ್ತ್ರ ಹೊಲಿಸುವ ಒಬ್ಬ ಹೆಂಗಸು ಇದ್ದಾರಂತೆ. ನಾನು ಮಾಡಿದ ಲಾಂಛನಗಳನ್ನು ಇವರು ಆಕೆಗೆ ತೋರಿಸಿದ್ದರು. ಆಕೆ ತಿರುಗಿಸಿ, ಹಿಂಬದಿಯ ದಾರವನ್ನೂ ನೋಡಿ, "ಬಂದ ತಕ್ಷಣ ನನ್ನೆದುರಿಗೆ ಒಂದು ಮಾಡಿ ತೋರಿಸಲಿ. ಸರಿಹೋದರೆ ಈ ಸಲದ ಶಾಲೆಗಳ ಕೆಲಸ ಅವಳಿಗೇ. ಇಲ್ಲದಿದ್ದರೆ ಬೇರೊಬ್ಬರು ಕಾಯುತ್ತಿದ್ದಾರೆ" ಎಂದಿದ್ದರಂತೆ.

ಭಾಷೆ ಬಾರದ ಊರಿನಲ್ಲಿ ನನಗೊಂದು ಕೆಲಸ. ಕೇಳಿದ ದಿನದಿಂದ ಸಂತೋಷ ಯಾವುದು, ಹೆದರಿಕೆ ಯಾವುದು ಎಂದು ನನಗೆ ಗೊತ್ತಾಗದ ಹಾಗಾಗಿತ್ತು.

"ಡಬ್ಬಿ ಯಾಕೆ ಹೊತ್ಕೊಂಡು ಬರ್ತೀಯ? ಇಲ್ಲೇ ಹೊಸದು ತಗೊಳ್ಳೋಣ" ಎಂದರು ಇವರು ಫೋನಿನಲ್ಲಿ.

"ಹೊಸದಕ್ಕೆ ನನ್ನ ಪ್ರೋಗ್ರಾಮ್ ಬರಲ್ಲ ರೀ. ಅದನ್ನ ಈ ಡಬ್ಬಿಗೇ ಕಟ್ಟಿಹಾಕಿದ್ದಾರೆ."

"ಬಿಚ್ಚಿಕೊಡೋಕೆ ಹೇಳು."

"ಯಾರಿಗೆ ಹೇಳ್ಲಿ? ಆ ಕಂಪನಿನೇ ಬಾಗಿಲು ಹಾಕ್ಕೊಂಡು ಹೋಯ್ತು."

ನಿಜವಾಗಿಯೂ ಹಾಗೇ ಆಗಿತ್ತು. ಕಸೂತಿಯ ಪ್ರೋಗ್ರಾಮು ಪ್ರತಿ ಸಲ ತೆರೆಯುವಾಗ, ತಾನಿರುವುದು ಅದೇ ಡಬ್ಬಿಯಲ್ಲೋ ಅಲ್ಲವೋ ಎಂದು ನೋಡಿಕೊಳ್ಳುತ್ತಿತ್ತು. ಹಾಕಿಕೊಟ್ಟವನು ಹೋಗುವಾಗ ಎಚ್ಚರಿಸಿದ್ದ: "ಇದು ಯಾವಾಗಾದ್ರೂ ಆಗಲ್ಲ ಅಂದ್ರೆ ಮತ್ತೆ ಮತ್ತೆ ಒತ್ತಬೇಡಿ ಅಮ್ಮಾ. ಅನುಮಾನ ಬಂದ್ರೆ ಪೂರ್ತಿ ಮುಚ್ಕೊಂಡುಬಿಡುತ್ತೆ. ಆಮೇಲೆ ನನ್ನ ಕೈಲೂ ಆಗಲ್ಲ." ಹೊಸ ಪ್ರೋಗ್ರಾಮಿನ ಬೆಲೆಯನ್ನೂ ವಿಚಾರಿಸಿದ್ದೆ. ಕೇಳಿದವಳು ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟಿದ್ದೆ. ಹೀಗಾಗಿ ನಾನು ಹೋಗಬೇಕಾದರೆ ಡಬ್ಬಿಯೂ ಹೋಗಬೇಕು, ಅದೂ ಒಂದು ಕೂದಲು ಕೊಂಕದ ಹಾಗೆ.

ಡಬ್ಬಿ ಬಿಚ್ಚುವ ದಿನ ಅಂಗಡಿಯಲ್ಲಿ ಎಲ್ಲರೂ ಸೇರಿದರು. ಅಣ್ಣ, ಅತ್ತಿಗೆ, ನನ್ನ ಜೊತೆ ಬಂದ ಅತ್ತೆ. ಗಿರಾಕಿಯೊಬ್ಬರು ದಿಂಬು ಕೊಳ್ಳಲು ಬಂದವರು, ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತುಬಿಟ್ಟರು. ಅಣ್ಣ ಸ್ಕ್ರೂ ತೆಗೆದು ಪಕ್ಕದ ತಗಡು ಜಾರಿಸಿದ.

ಎಲ್ಲರೂ ಬಗ್ಗಿದೆವು.

"ಇಷ್ಟೇನಾ?" ಎಂದರು ಅತ್ತೆ.

ಒಂದು ಹಸಿರು ಹಲಗೆ. ಅದರ ಮೇಲೆ ಸಣ್ಣ ಊರಿನ ನಕ್ಷೆಯ ಹಾಗೆ ಗೆರೆಗಳು, ಚುಕ್ಕಿಗಳು, ಡಬ್ಬಿಗಳು. ಮಧ್ಯದಲ್ಲಿ ಒಂದು ಫ್ಯಾನು. ಫ್ಯಾನಿನ ರೆಕ್ಕೆಗಳ ಮೇಲೆ ಅರಳೆಯ ಎಳೆ, ನನ್ನ ದಾರದ ಚೂರು ಎಲ್ಲಾ ಸೇರಿ ಕಂಬಳಿಯೇ ಬೆಳೆದಿತ್ತು. ಮೂಲೆಯಲ್ಲಿ ಕರೆಂಟಿನ ಪೆಟ್ಟಿಗೆ. ಉಳಿದದ್ದೆಲ್ಲ ಖಾಲಿ. ನಾನು ಮಾಡಿದ ಅಷ್ಟೂ ಹಕ್ಕಿ, ದೀಪ, ಕಿರೀಟಗಳು ಇದರಲ್ಲಿ ಎಲ್ಲಿದ್ದವು ಎಂದು ಕಣ್ಣು ಸಣ್ಣ ಮಾಡಿ ಹುಡುಕಿದೆ. ಹುಡುಕಿದ್ದು ಪೆದ್ದತನ ಎಂದು ಗೊತ್ತಿದ್ದರೂ ಕಣ್ಣು ಕೇಳಲಿಲ್ಲ.

"ಇದಕ್ಕೇ ಅಷ್ಟು ಸದ್ದು ಮಾಡ್ತಿತ್ತಾ!" ಎಂದರು ಅತ್ತಿಗೆ. "ಮನೇಲೂ ಒಬ್ಬರಿದ್ದಾರೆ, ಹೀಗೇ."

ಅಣ್ಣನಿಗೆ ಅದು ಕೇಳಿಸಲೇ ಇಲ್ಲ. ಅವನು ಡಬ್ಬಿಯೊಳಗೆ ಮೊಣಕೈವರೆಗೂ ಕೈ ಹಾಕಿ ತಡಕಾಡುತ್ತಿದ್ದ. "ಪಿನ್ನು, ಇಲ್ಲಿ ಮುಕ್ಕಾಲು ಪಾಲು ಗಾಳಿ ಕಣೆ. ಇಷ್ಟು ಗಾಳಿ ತುಂಬಿ ನಾನು ಹಾಸಿಗೆ ಮಾರಿದ್ರೆ ಗಿರಾಕಿ ಮನೆಗೆ ಬಂದು ಹೊಡೀತಾನೆ." ಚಿಕ್ಕವಳಿದ್ದಾಗ ಅಂಗಡಿಯ ನೆಲದ ಮೇಲಿನ ಪಿನ್ನು ಆರಿಸುವುದು ನನ್ನ ಕೆಲಸವಾಗಿತ್ತು. ಅವನ ಬಾಯಲ್ಲಿ ನಾನು ಇಂದಿಗೂ ಪಿನ್ನು.

ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿದೆ. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೇ ಮುಂದಿನ ಎಲ್ಲದಕ್ಕೂ ಕಾರಣವಾಯಿತೇನೋ. "ಹಾರ್ಡ್ ಡಿಸ್ಕ್ ಬಿಚ್ಚಿ ಕೈಚೀಲದಲ್ಲಿ ಇಟ್ಕೊಳ್ಳಿ. ಉಳಿದದ್ದು ಹಾಗೇ ಬಿಡಿ. ಒಳಗೆ ಏನೂ ಅಲುಗಾಡಬಾರದು, ಹೊರಗಿನ ಪೆಟ್ಟು ಒಳಗೆ ಹೋಗಬಾರದು. ಅಷ್ಟೇ" ಎಂದರು ಅವರು.

ಅಣ್ಣ ಸೊಂಟ ನೆಟ್ಟಗೆ ಮಾಡಿಕೊಂಡ. ಅಲುಗಾಡಬಾರದು, ಪೆಟ್ಟು ತಾಗಬಾರದು. ಅಪ್ಪನ ಕಾಲದಿಂದ ಆ ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದದ್ದೂ ಅದನ್ನೇ. ಇಷ್ಟು ದಿನ ಕಂಪ್ಯೂಟರು ತನಗೆ ಅರ್ಥವಾಗದ ವಸ್ತು ಎಂದು ದೂರ ಇದ್ದವನಿಗೆ, ಇದು ತನ್ನ ಕಸುಬೇ ಎಂದು ಹೊಳೆದುಬಿಟ್ಟಿತು.

"ನೀನು ಸುಮ್ನೆ ಕೂತ್ಕೊ" ಎಂದ ನನಗೆ.

ನಾನು ಸುಮ್ಮನೆ ಕೂರಲಿಲ್ಲ. ಡಿಸ್ಕ್ ಬಿಚ್ಚಿದೆ. ಬಿಚ್ಚುವ ಮೊದಲು, ಯಾವ ತಂತಿ ಎಲ್ಲಿಗೆ ಎಂದು ಮರೆಯಬಾರದಲ್ಲ, ತಂತಿಗೂ ಅದು ಕೂರುವ ಜಾಗಕ್ಕೂ ಒಂದೇ ಬಣ್ಣದ ಕಸೂತಿ ದಾರ ಕಟ್ಟಿದೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಸರಿಯಾಗಿ ಕಟ್ಟಿದೆನೋ ಇಲ್ಲವೋ ಎಂದು ಮತ್ತೆ ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟರಲ್ಲಿ ಅಣ್ಣ ಮೂಟೆಯಿಂದ ಒಳ್ಳೆಯ ಅರಳೆ ತಂದು, ಎಳೆ ಎಳೆಯಾಗಿ ಬಿಡಿಸಿ, ಡಬ್ಬಿಯ ಖಾಲಿ ಜಾಗಕ್ಕೆಲ್ಲ ತುಂಬತೊಡಗಿದ. ಮೂಲೆಗಳಿಗೆ ಕೋಲಿನಿಂದ ತಳ್ಳಿ, ಅಂಗೈಯಿಂದ ಒತ್ತಿ, ಮತ್ತೆ ತುಂಬಿದ.

"ಜಾಸ್ತಿ ಆಯ್ತೇನೋ ಅಣ್ಣ" ಎಂದೆ.

"ಹಾಸಿಗೆಗೆ ಜಾಸ್ತಿ ಅನ್ನೋದೇ ಇಲ್ಲ."

"ಇದು ಹಾಸಿಗೆ ಅಲ್ವಲ್ಲ."

"ಕೆಲಸದ ಮಧ್ಯ ಬಾಯಿ ಹಾಕ್ಬೇಡ."

ತಗಡು ಮುಚ್ಚಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡೆ. ಅವನಿಗೆ ಅದು ಬರೀ ಶುರು. ಹಾಸಿಗೆಗೆ ಹಾಕುವ ಉಕ್ಕಿನ ಸ್ಪ್ರಿಂಗುಗಳನ್ನು ತಂದು ಡಬ್ಬಿಯ ಆರೂ ಮೈಗೆ ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಹುರಿಯಿಂದ ಬಿಗಿದ. ಅದರ ಮೇಲೆ ತೆಳ್ಳನೆ ಅರಳೆಯ ಪದರ, ಅದರ ಮೇಲೆ ಪಟ್ಟೆಪಟ್ಟೆಯ ದಪ್ಪ ಬಟ್ಟೆಯ ಗವಸು. ದಬ್ಬಣ ಹಿಡಿದು ನಾಲ್ಕೂ ಕಡೆ ಹೊಲಿದ. ಕೊನೆಗೆ ಅಭ್ಯಾಸಬಲದಿಂದಲೋ ಏನೋ, ಅಲ್ಲಲ್ಲಿ ಬಟ್ಟೆಯ ಗುಂಡಿಯನ್ನೂ ಕೂರಿಸಿದ.

"ಜಿಪ್ಪು ಹಾಕಬಾರದಿತ್ತಾ?" ಎಂದರು ಅತ್ತಿಗೆ.

"ಹಾಸಿಗೆ ಹರಿಯೋದೇ ಜಿಪ್ಪಿನ ಹತ್ರ" ಎಂದು ಅಣ್ಣ ಅದನ್ನು ಎತ್ತಿ ಕಟ್ಟೆಯ ಅಂಚಿಗೆ ತಂದ. "ಒಂದ್ಸಲ ಬೀಳಿಸಿ ನೋಡ್ಲಾ?"

"ಬೇಡ ಅಣ್ಣ, ಬೇ..."

ಬೀಳಿಸಿಯೇ ಬಿಟ್ಟ. ನಾನು ಕಣ್ಣು ಮುಚ್ಚಿಕೊಂಡೆ. ಧಡ್ ಎಂಬ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ನನ್ನ ಕಂಪ್ಯೂಟರು ಗಾಳಿಯಲ್ಲಿತ್ತು. ನೆಲ ಮುಟ್ಟಿ, ಪುಟಿದು, ಒಂದು ಮಗ್ಗುಲಿಗೆ ಹೊರಳಿ, ಮತ್ತೆ ಪುಟಿದು, ಅತ್ತೆಯ ಕಾಲ ಬಳಿ ಹೋಗಿ ಕೂತಿತು. ಅತ್ತೆ ಅದರ ತಲೆ ಸವರಿದರು. ದಿಂಬಿನ ಗಿರಾಕಿ ಚಪ್ಪಾಳೆ ತಟ್ಟಿದರು.

ಆ ಹೊತ್ತಿಗೆ ನನಗೂ ಹೆಮ್ಮೆಯೇ ಆಯಿತು. ಇಷ್ಟು ಚೆನ್ನಾಗಿ ಸುತ್ತಿದ ಕಂಪ್ಯೂಟರು ಯಾವ ವಿಮಾನದಲ್ಲೂ ಹೋಗಿರಲಿಕ್ಕಿಲ್ಲ ಎನ್ನಿಸಿತು.

ವಿಮಾನ ನಿಲ್ದಾಣದಲ್ಲಿ ಸಾಮಾನು ತೂಗುವ ಹುಡುಗಿ ಅದನ್ನು ಬೆರಳಿನಿಂದ ಒತ್ತಿ ನೋಡಿ, "ಪಫ್ ಕುರ್ಚಿನಾ?" ಎಂದು ಕೇಳಿದಳು. ಕಂಪ್ಯೂಟರ್ ಎಂದೆ. ಅವಳು ನಕ್ಕು ಚೀಟಿ ಅಂಟಿಸಿದಳು. ನಾನು ತಮಾಷೆ ಮಾಡಿದೆ ಎಂದುಕೊಂಡಿದ್ದಳು ಎಂದು ಆಮೇಲೆ ಹೊಳೆಯಿತು.

ವಿಮಾನ ಹತ್ತುವ ಬಾಗಿಲ ಬಳಿ ಅತ್ತೆಯ ಜೊತೆ ಕೂತಿದ್ದೆ. ಅತ್ತೆಗೆ ಇದು ಮೊದಲ ಪ್ರಯಾಣ. ಪ್ರತಿಯೊಂದನ್ನೂ ಕೇಳುತ್ತಿದ್ದರು. ಆ ಗಾಡಿಯಲ್ಲಿ ಏನಿದೆ, ಈ ಕೊಳವೆ ಎಲ್ಲಿಗೆ ಹೋಗುತ್ತದೆ, ವಿಮಾನದ ಚಕ್ರ ಯಾಕೆ ಅಷ್ಟು ಸಣ್ಣದು. ಗೊತ್ತಿಲ್ಲ ಅತ್ತೆ, ಗೊತ್ತಿಲ್ಲ ಅತ್ತೆ ಎಂದು ನನಗೇ ನಾಚಿಕೆಯಾಗುತ್ತಿರುವಾಗ ಧ್ವನಿವರ್ಧಕದಲ್ಲಿ ನನ್ನ ಹೆಸರು ಕೇಳಿಸಿತು. ಮತ್ತೊಮ್ಮೆ ಕೇಳಿಸಿತು.

"ನಿನ್ನನ್ನೇ ಕರೀತಿದ್ದಾರೆ" ಎಂದರು ಅತ್ತೆ. ನಾನು ಕೂತೇ ಇದ್ದೆ. "ಏಳು. ನಾನೂ ಬರ್ತೀನಿ. ನಂಗೂ ನೋಡ್ಬೇಕು."

ತೂಕದ ಹುಡುಗಿಯೇ ಬಂದು ನಮ್ಮನ್ನು ಹಿಂದಕ್ಕೆ, ಕೆಳಕ್ಕೆ, ಕಿಟಕಿಯಿಲ್ಲದ ಒಂದು ಕೋಣೆಗೆ ಕರೆದುಕೊಂಡು ಹೋದಳು. ಈಗ ಅವಳು ನಗುತ್ತಿರಲಿಲ್ಲ. ಕೋಣೆಯಲ್ಲಿ ಉದ್ದನೆಯ ಉಕ್ಕಿನ ಮೇಜು. ಅದರ ಮೇಲೆ ಪಟ್ಟೆಪಟ್ಟೆಯ ನಮ್ಮ ಗಂಟು. ಪಕ್ಕದಲ್ಲಿ ದಪ್ಪ ಮೀಸೆಯ ತಪಾಸಣೆ ಅಧಿಕಾರಿ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು. ಅವರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಎಕ್ಸ್-ರೇ ಚಿತ್ರ. ನಡುವೆ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ತಂತಿಗಳು, ಸುತ್ತಲೂ ಸಾಲು ಸಾಲಾಗಿ ಸುರುಳಿಗಳು. ಹೆದರಿಕೆಯಾಗಿದ್ದರೂ ಕಣ್ಣು ಮಾತ್ರ ಅದರಿಂದ ಕದಲಲಿಲ್ಲ. ಅಣ್ಣ ಒಂದೊಂದು ಸುರುಳಿಯನ್ನೂ ಎಷ್ಟು ಸಮನಾಗಿ ನಿಲ್ಲಿಸಿದ್ದ! ಹೊಲಿಗೆಯ ವಿನ್ಯಾಸವಾಗಿದ್ದರೆ ತಿದ್ದುವ ಹಾಗೇ ಇರಲಿಲ್ಲ.

"ಇದೇನು?" ಎಂದರು ಅಧಿಕಾರಿ.

"ಕಂಪ್ಯೂಟರ್ ಸಾರ್."

"ಸುತ್ತ ಇರೋದು?"

"ಸ್ಪ್ರಿಂಗು."

"ಕಂಪ್ಯೂಟರಿಗೆ ಯಾಕಮ್ಮ ಸ್ಪ್ರಿಂಗು?"

"ಇವಳಣ್ಣ ಹಾಸಿಗೆ ಮಾಡೋನು ಸಾರ್" ಎಂದರು ಅತ್ತೆ, ಅದರಲ್ಲೇ ಎಲ್ಲ ಬಂತು ಎನ್ನುವ ಹಾಗೆ.

"ಹಾಸಿಗೆಯೊಳಗೆ ಕಂಪ್ಯೂಟರ್ ಬಚ್ಚಿಟ್ಟಿದ್ದಾನಾ?"

"ಅಯ್ಯೋ ಇಲ್ಲ. ಕಂಪ್ಯೂಟರಿಗೇ ಹಾಸಿಗೆ ಮಾಡಿದ್ದಾನೆ. ಬೀಳಿಸಿ ತೋರಿಸ್ಲಾ?"

"ಬೇಡ!" ಎಂದು ನಾನೂ ಅಧಿಕಾರಿಯೂ ಒಟ್ಟಿಗೇ ಕೂಗಿದೆವು.

ಅವರು ಡ್ರಾಯರಿನಿಂದ ಬ್ಲೇಡು ತೆಗೆದರು. ಬಟ್ಟೆಯ ಕೆಳಗೆ ಹುರಿ, ಅದರ ಕೆಳಗೆ ತಗಡಿನ ಸಂದು, ಸಂದಿನಲ್ಲಿ ಹೊರಬಂದ ತಂತಿ. ಬ್ಲೇಡು ಎಲ್ಲಿ ಜಾರಿದರೂ ನನ್ನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. "ಸಾರ್, ಕತ್ತರಿಸ್ಬೇಡಿ. ನಾನು ಬಿಚ್ತೀನಿ" ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ.

"ಯಾತ್ರಲ್ಲಿ ಬಿಚ್ತೀರಿ? ಕತ್ತರಿ ಕೊಡೋಕಾಗಲ್ಲ."

"ಕೈಯಲ್ಲಿ."

ಅಣ್ಣ ಎಲ್ಲ ಹಾಸಿಗೆಯನ್ನೂ ಎಡಗೈ ಕಡೆಯ ಕೆಳಮೂಲೆಯಲ್ಲಿ ಮುಗಿಸುತ್ತಾನೆ. ಗಂಟನ್ನು ಅಂಚಿನ ಒಳಕ್ಕೆ ತಳ್ಳಿ ಮರೆ ಮಾಡುತ್ತಾನೆ. ಆ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಗುಳ್ಳೆಯ ಹಾಗೆ ಸಿಕ್ಕಿತು. ಉಗುರಿನಿಂದ ಎಬ್ಬಿಸಿ, ಸಡಿಲಿಸಿ, ದಾರದ ತುದಿ ಹಿಡಿದು ಎಳೆದೆ. ಸರ್ರೆಂದು ಒಂದು ಬದಿಯ ಹೊಲಿಗೆ ಪೂರಾ ಬಿಟ್ಟುಕೊಂಡಿತು.

ಅಧಿಕಾರಿ ಬ್ಲೇಡು ಕೆಳಗಿಟ್ಟು ಬಗ್ಗಿದರು. "ಇನ್ನೊಂದು ಕಡೆದೂ ಹಾಗೇ ಬರುತ್ತಾ? ನಾನು ಎಳೀಲಾ?"

ಎಳೆದರು. ಬಂತು. ಅವರ ಮುಖದಲ್ಲಿದ್ದ ಗಂಟು ಸ್ವಲ್ಪ ಸಡಿಲವಾಯಿತು.

ಸ್ಪ್ರಿಂಗು ಬಿಚ್ಚಿ ಸಾಲಾಗಿ ಇಟ್ಟೆ. ತಗಡು ಜಾರಿಸಿದರೆ ಒಳಗೆಲ್ಲ ಬಿಳಿ. "ಇದೆಲ್ಲ ಹೊರಗೆ ತೆಗೀರಿ. ಏನಿದೆ ನೋಡ್ಬೇಕು" ಎಂದರು. ಅಣ್ಣ ತುಂಬಿದ್ದು ಸಡಿಲ ಕೈಯಿಂದಲ್ಲ. ಹಿಡಿ ಹಿಡಿಯಾಗಿ ಕಿತ್ತೆವು. ನಾನು, ಅತ್ತೆ, ಕೊನೆಗೆ ತೂಕದ ಹುಡುಗಿಯೂ ಕೈ ಹಾಕಿದಳು. ಕಿತ್ತಷ್ಟೂ ಉಬ್ಬಿತು. ಅಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟೊಂದು ಅರಳೆ ಹೇಗೆ ಹಿಡಿಸಿತ್ತು ಎಂದು ಎಲ್ಲರೂ ಮೇಜು ನೋಡಿದರು.

"ಈಗ ಹಾಕಿ ತೋರಿಸಿ."

ಡಿಸ್ಕ್ ಇಲ್ಲದೆ, ಪರದೆ ಇಲ್ಲದೆ ಏನು ತೋರಿಸುವುದು? ಆದರೂ ಕರೆಂಟಿನ ತಂತಿ ಸಿಕ್ಕಿಸಿ ಗುಂಡಿ ಒತ್ತಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗುಂಯ್ ಎಂದಿತು. ಹಸಿರು ದೀಪ ಹತ್ತಿತು. ಫ್ಯಾನು ತಿರುಗಿ ಅಳಿದುಳಿದ ಅರಳೆಯನ್ನೆಲ್ಲ ಹೊರಕ್ಕೆ ಊದಿತು. ಊದಿದ್ದು ನೇರ ಅಧಿಕಾರಿಯ ಮೀಸೆಗೆ.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿದರು. ಅಧಿಕಾರಿ ಮೀಸೆ ಒರೆಸಿಕೊಂಡರು, ಸೀನಿದರು, ಆಮೇಲೆ ಅವರೂ ತಡೆಯಲಾಗದೆ ನಕ್ಕರು. "ಸರಿ, ಕಂಪ್ಯೂಟರೇ. ಒಪ್ಕೊಂಡೆ. ಆದ್ರೆ ಇದನ್ನ ಹಾಗೇ ಹೊಲಿದು ಕಳಿಸಿದ್ರೆ ನೀವು ವಿಮಾನ ಬದಲಾಯಿಸೋ ಕಡೆ ಮತ್ತೆ ಹಿಡೀತಾರೆ. ಅಲ್ಲಿ ನಿಮ್ಮನ್ನ ಕರೆಯೋಕೂ ಹೋಗಲ್ಲ. ಹಿಂದೆ ಉಳಿಸ್ತಾರೆ. ಸ್ಪ್ರಿಂಗು ಬಿಟ್ಟುಹೋಗಿ."

"ಸ್ಪ್ರಿಂಗಿಲ್ದೆ ಸಾಮಾನಿನ ಜೊತೆ ಎಸೆದ್ರೆ ಒಡೆದುಹೋಗುತ್ತೆ ಸಾರ್." ಅಲ್ಲಿಗೆ ಹೋಗಿ ಆ ಹೆಂಗಸಿನ ಮುಂದೆ ಬರಿಗೈಯಲ್ಲಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ನಮ್ಮವರು ಪಕ್ಕದಲ್ಲಿ ನಿಂತು ಅವರ ಭಾಷೆಯಲ್ಲಿ ನನ್ನ ಪರವಾಗಿ ಕ್ಷಮೆ ಕೇಳುವುದೂ ಕಂಡಿತು.

ತೂಕದ ಹುಡುಗಿ ಆಗಿನಿಂದ ಬರೀ ಡಬ್ಬಿಯನ್ನು ಗೇಣಿನಲ್ಲಿ ಅಳೆಯುತ್ತಿದ್ದಳು. "ಮೇಡಮ್, ಇದು ಇಷ್ಟೇ ಇದ್ರೆ ನಿಮ್ಮ ಸೀಟಿನ ಮೇಲಿನ ಗೂಡಿನಲ್ಲೇ ಹಿಡಿಸುತ್ತೆ. ಕೈಯಲ್ಲೇ ತಗೊಂಡು ಹೋಗಬಹುದಿತ್ತಲ್ಲ. ಯಾಕೆ ಇಷ್ಟೆಲ್ಲ ಮಾಡಿದ್ರಿ?"

ಕೈಯಲ್ಲಿ ಒಯ್ಯಬಹುದಾ ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅಲುಗಾಡಬಾರದು ಎಂದ ಕೂಡಲೇ ನಾವು ಅರಳೆಗೆ ಕೈ ಹಾಕಿದ್ದೆವು.

ಆದರೆ ಡಬ್ಬಿ ಕೈಸಾಮಾನಿಗೆ ಭಾರ. ಅದು ಬರಬೇಕಾದರೆ ನಮ್ಮಿಬ್ಬರ ಕೈಚೀಲವೂ ಕೆಳಗಿನ ಸಾಮಾನಿಗೆ ಹೋಗಬೇಕು ಎಂದಳು ಹುಡುಗಿ. ನನ್ನದು ಸುಲಭ. ಡಿಸ್ಕನ್ನು ತೆಗೆದು ರವಿಕೆಯೊಳಗೆ ಸೇರಿಸಿದೆ. ಅತ್ತೆಯ ಚೀಲವನ್ನು ಕೇಳಲು ನಾಲಿಗೆ ಬರಲಿಲ್ಲ. ಅದರಲ್ಲಿ ಅವರ ಶಾಲು, ಮಾತ್ರೆ, ದಾರಿಯಲ್ಲಿ ಮೆಲ್ಲಲು ಏನೇನೋ ಇತ್ತು. ನಾನು ಕೇಳುವ ಮೊದಲೇ ಅವರು ಮಾತ್ರೆಯ ಪೊಟ್ಟಣ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೀಲವನ್ನು ಖಾಲಿ ಗವಸಿನೊಳಗೆ ಹಾಕಿದರು.

"ಶಾಲು?" ಎಂದೆ.

"ಚಳಿಯಾದ್ರೆ ನಿನ್ನ ಕಂಪ್ಯೂಟರು ಹೊದಿಸುತ್ತೆ ಬಿಡು."

ಹೊಲಿಯಲು ಸೂಜಿ ಇರಲಿಲ್ಲ. ಹುಡುಗಿ ಗವಸಿನ ಬಾಯಿಗೆ ಅಂಟುಪಟ್ಟಿ ಸುತ್ತಿದಳು. ಅಣ್ಣ ನೋಡಿದ್ದರೆ ಊಟ ಬಿಡುತ್ತಿದ್ದ. ಹೊರಡುವಾಗ ತಿರುಗಿ ನೋಡಿದೆ. ಅಧಿಕಾರಿ ಒಂದು ಸ್ಪ್ರಿಂಗನ್ನು ಕುರ್ಚಿಯ ಬೆನ್ನಿಗೂ ತಮ್ಮ ಸೊಂಟಕ್ಕೂ ನಡುವೆ ಇಟ್ಟುಕೊಂಡು ಹಿಂದಕ್ಕೂ ಮುಂದಕ್ಕೂ ಒರಗಿ ನೋಡುತ್ತಿದ್ದರು.

ವಿಮಾನ ಕುಲುಕಿದಾಗಲೆಲ್ಲ ನಾನು ತಲೆಯ ಮೇಲಿನ ಗೂಡು ನೋಡಿದೆ. ಅತ್ತೆ ಕಿಟಕಿಯಿಂದ ಕೆಳಗೆ ನೋಡಿದರು. ಮೋಡದ ಮೇಲ್ಮೈ ಕಂಡಾಗ ನನ್ನ ತೋಳು ತಿವಿದು, "ನಿಮ್ಮಣ್ಣ ಇಲ್ಲಿಗೂ ಬಂದಿದ್ನಾ?" ಎಂದರು.

ನಮ್ಮವರು ನಿಲ್ದಾಣಕ್ಕೆ ಬಂದಿದ್ದರು. ತಾಯಿಯನ್ನು, ನನ್ನನ್ನು, ನನ್ನ ತೋಳಿನಲ್ಲಿದ್ದ ಬೆತ್ತಲೆ ಡಬ್ಬಿಯನ್ನು ನೋಡಿ, ಯಾವುದನ್ನು ಮೊದಲು ಇಸಿದುಕೊಳ್ಳಬೇಕೋ ತಿಳಿಯದೆ ನಿಂತರು.

ಮರುದಿನ ನಸುಕಿನಲ್ಲೇ, ಬೆಳಗಾಗುತ್ತಲೇ ಬರುತ್ತೇನೆಂದಿದ್ದ ಸಮವಸ್ತ್ರದಾಕೆ ಬರುವ ಮೊದಲೇ ಎಲ್ಲ ಸಿದ್ಧವಾಗಿರಲಿ ಎಂದು ಜೋಡಿಸಲು ಕೂತೆವು. ಇವರು ಹಳೆಯ ಪರದೆಯೊಂದನ್ನು ತಂದಿಟ್ಟಿದ್ದರು. ಕೆಂಪಿಗೆ ಕೆಂಪು, ಹಳದಿಗೆ ಹಳದಿ ಸೇರಿಸಿ ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ, ನಾನು ಎಂದೂ ನೋಡಿರದ ಬಿಳಿ ಅಕ್ಷರಗಳು ಮೂಡಿ, ಮುಂದೆ ಹೋಗಲು ಒಂದು ಕೀಲಿ ಒತ್ತಿ ಎಂದವು. ಒತ್ತಿದೆ. ನನ್ನ ಹಳೆಯ ಚಿತ್ರ, ಹಳೆಯ ಕಡತಗಳೆಲ್ಲ ಕಂಡವು. ದೊಡ್ಡ ಉಸಿರು ಬಿಟ್ಟು ಕಸೂತಿಯ ಪ್ರೋಗ್ರಾಮು ತೆರೆದೆ.

ತೆರೆಯಲಿಲ್ಲ. ಒಂದು ಸಣ್ಣ ಚೌಕದಲ್ಲಿ ಒಂದೇ ಸಾಲು: ನಿಮ್ಮ ಪರವಾನಗಿಯ ಅವಧಿ ಇನ್ನೂ ಆರಂಭವಾಗಿಲ್ಲ.

ಮತ್ತೆ ಒತ್ತಲು ಹೋದ ಬೆರಳನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡೆ. ಮತ್ತೆ ಮತ್ತೆ ಒತ್ತಬೇಡಿ ಅಮ್ಮಾ. ಅವಧಿ ಮುಗಿದಿದೆ ಎಂದಿದ್ದರೆ ಅರ್ಥವಾಗುತ್ತಿತ್ತು. ಇನ್ನೂ ಆರಂಭವೇ ಆಗಿಲ್ಲವೆಂದರೆ? ನಾನು ಅದರಲ್ಲಿ ಮಾಡಿದ ಅಷ್ಟೂ ವರ್ಷದ ಕೆಲಸ ಯಾವ ಲೋಕದಲ್ಲಿ ನಡೆದಿತ್ತು?

"ನಾನೇ ಏನೋ ತಪ್ಪು ಮಾಡಿದೆ ರೀ. ತಂತಿ ಅದಲು ಬದಲು ಹಾಕಿದ್ದೀನಿ."

"ಇರು. ಅಳಬೇಡ, ನೋಡೋಣ" ಎಂದರು ಇವರು. ಲಿಫ್ಟು ಕೆಟ್ಟಾಗಲೂ ಇವರು ಮೊದಲು ಏನನ್ನೂ ಮುಟ್ಟುವುದಿಲ್ಲವಂತೆ. ನಿಂತು ನೋಡುತ್ತಾರೆ. ಪರದೆಯ ಒಂದೊಂದು ಮೂಲೆಯನ್ನೂ ನೋಡುತ್ತಾ ಬಂದು ಕೊನೆಗೆ ಕೆಳಗಿನ ಬಲಮೂಲೆಯಲ್ಲಿ ನಿಂತರು. "ಇದೇನು ಈ ತಾರೀಖು?"

ಬಗ್ಗಿ ನೋಡಿದೆ. ನಮ್ಮ ಮದುವೆಗೂ ಹಿಂದಿನ ಯಾವುದೋ ವರ್ಷದ ಮೊದಲ ದಿನ.

"ನಾನಿನ್ನೂ ನಿನ್ನನ್ನ ನೋಡೇ ಇಲ್ಲ" ಎಂದರು. ಈ ಹೊತ್ತಿನಲ್ಲಿ ತಮಾಷೆ ಬೇಕಿತ್ತಾ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಅವರೇ ಗಂಭೀರವಾದರು. "ಲಿಫ್ಟಿಗೂ ಹೀಗಾಗುತ್ತೆ. ಕರೆಂಟು ಪೂರ್ತಿ ಹೋಗಿ ಬಂದ್ರೆ ತಾನು ಯಾವ ಮಹಡೀಲಿ ಇದ್ದೀನಿ ಅನ್ನೋದು ಅದಕ್ಕೆ ಮರೆತುಹೋಗುತ್ತೆ. ಕೆಟ್ಟಿರಲ್ಲ. ಗೊತ್ತಿರಲ್ಲ ಅಷ್ಟೇ. ನಿಧಾನವಾಗಿ ತಳಕ್ಕೆ ಇಳಿಸಿ, ಇದು ತಳ ಅಂತ ಹೇಳ್ಬೇಕು. ಆಮೇಲೆ ತಾನೇ ಎಣಿಸ್ಕೊಂಡು ಹೋಗುತ್ತೆ. ಇದಕ್ಕೆ ಇವತ್ತು ಯಾವ ದಿನ ಅಂತ ಮರೆತಿದೆ."

"ಯಾಕೆ ಮರೀತು? ಊರಲ್ಲೂ ಕರೆಂಟು ಹೋಗ್ತಿತ್ತಲ್ಲ."

ಎಲ್ಲ ಆರಿಸಿ, ತಗಡು ತೆಗೆದು, ಟಾರ್ಚ್ ಹಾಕಿ ನೋಡಿದೆವು. ಹಸಿರು ಹಲಗೆಯ ಒಂದು ಕಡೆ ಗುಂಡಗಿನ ಖಾಲಿ ಕುಳಿ. ಗುಂಡಿ ಉದುರಿದ ಅಂಗಿಯ ಹಾಗೆ ಕಾಣುತ್ತಿತ್ತು. "ಗಡಿಯಾರದ ಬ್ಯಾಟರಿ ಇರೋ ಜಾಗ. ಬಿಲ್ಲೆ ಎಲ್ಲಿ?" ಎಂದರು ಇವರು.

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಹಿಡಿ ಹಿಡಿಯಾಗಿ ಕಿತ್ತ ಅರಳೆ.

"ಆ ಸಾರ್ ಮೀಸೇಲಿ ಸಿಕ್ಕಿಹಾಕ್ಕೊಂಡಿರುತ್ತೆ ನೋಡು" ಎಂದರು ಅತ್ತೆ.

ಮತ್ತೆ ಹಾಕಿ ತಾರೀಖು ತಿದ್ದಲು ಕೂತೆ. ವರ್ಷ ಸರಿಮಾಡಿದೆ, ತಿಂಗಳು ಸರಿಮಾಡಿದೆ. ದಿನದ ಹತ್ತಿರ ಕೈ ನಿಂತಿತು. ಇಲ್ಲಿ ಈಗಷ್ಟೇ ಬೆಳಗಾಗಿದೆ. ನಮ್ಮ ಊರಿನಲ್ಲಿ ಇನ್ನೂ ನಿನ್ನೆಯ ರಾತ್ರಿ. ಪರವಾನಗಿ ಕೊಟ್ಟದ್ದು ಅಲ್ಲಿ. ಯಾವ ದಿನ ಹೇಳಿದರೆ ಅದು ನಂಬುತ್ತದೆ? ತಪ್ಪು ಹೇಳಿದರೆ ಇನ್ನೊಂದು ಸಲ ಬೇಡ ಎನ್ನುತ್ತದೆ. ಎಷ್ಟನೆಯ ಸಲಕ್ಕೆ ಪೂರ್ತಿ ಮುಚ್ಚಿಕೊಳ್ಳುತ್ತದೋ ನನಗೆ ಗೊತ್ತಿಲ್ಲ.

"ಲಿಫ್ಟು ಈಗ ಯಾವ ಕಟ್ಟಡದಲ್ಲಿದೆಯೋ ಆ ಕಟ್ಟಡದ ಮಹಡಿ ಹೇಳು" ಎಂದರು ಇವರು.

ಇಲ್ಲಿಯ ದಿನ ಹಾಕಿದೆ. ಇಲ್ಲಿಯ ಗಂಟೆ ಹಾಕಿದೆ. ಪ್ರೋಗ್ರಾಮಿನ ಮೇಲೆ ಬಾಣ ಇಟ್ಟೆ. ಬೆರಳು ಒತ್ತಲೊಲ್ಲದು. ಬಾಗಿಲ ಗಂಟೆ ಸದ್ದು ಮಾಡಿತು. ಬೆಚ್ಚಿಬಿದ್ದ ಬೆರಳು ತಾನೇ ಒತ್ತಿಬಿಟ್ಟಿತು.

ಪರದೆ ಬೆಳ್ಳಗಾಯಿತು. ಎಷ್ಟು ಹೊತ್ತು ಹಾಗೆ ಇತ್ತೋ. ಆಮೇಲೆ ಚೌಕಳಿ ಚೌಕಳಿಯ ಖಾಲಿ ಬಟ್ಟೆ ಹರಡಿಕೊಂಡಿತು. ಎಡಬದಿಯಲ್ಲಿ ದಾರದ ಬಣ್ಣಗಳು ಒಂದರ ಕೆಳಗೊಂದು ಬಂದು ನಿಂತವು.

"ಬಂತಾ?" ಎಂದರು ಅತ್ತೆ.

"ಬಂತು."

"ಈಗ ಆರಿದ್ರೆ?"

"ಬ್ಯಾಟರಿ ಇಲ್ವಲ್ಲ. ಮತ್ತೆ ಮರೆಯುತ್ತೆ."

ಅತ್ತೆ ಕುರ್ಚಿ ಎಳೆದುಕೊಂಡು ಗೋಡೆಯ ಪ್ಲಗ್ಗಿನ ಪಕ್ಕ ಕೂತರು. ಕಾಲು ಚಾಚಿ ದಾರಿಗೆ ಅಡ್ಡ ಇಟ್ಟರು. "ಯಾರೂ ಈ ಕಡೆ ಬರಬಾರದು."

ಸಮವಸ್ತ್ರದಾಕೆ ಎತ್ತರದ ಹೆಂಗಸು. ಕೊರಳಿನಲ್ಲಿ ಅಳತೆ ಪಟ್ಟಿ ನೇತಾಡುತ್ತಿತ್ತು. ತೆಗೆಯುವುದು ಮರೆತಿದ್ದಿರಬೇಕು. ಅವರ ಮಾತು ನನಗೆ ಬರದು, ನನ್ನದು ಅವರಿಗೆ ಬರದು. ಒಂದು ಕಾಗದ ಕೊಟ್ಟರು.  ಅದರಲ್ಲಿ ಒಂದು ಸೇತುವೆ, ಕೆಳಗೆ ನೀರು. ಪಕ್ಕದಲ್ಲೇ ಕೂತು ನೋಡತೊಡಗಿದರು. ಸೇತುವೆಯ ಕಲ್ಲಿಗೆ ದಾರ ಅಡ್ಡ ಹಾಕಿದೆ. ಕಮಾನಿನ ಬಳಿ ಬಾಗಿಸಿದೆ. ನೀರಿನ ಹತ್ತಿರ ಬಂದಾಗ ಮೊದಲು ಒಂದು ದಿಕ್ಕು ಕೊಟ್ಟೆ. ಸರಿ ಕಾಣಲಿಲ್ಲ. ಅವರೆದುರಿಗೇ ಅಳಿಸಬೇಕಲ್ಲ ಎಂದು ನಾಚಿಕೆಯಾದರೂ ಅಳಿಸಿದೆ. ಅಳಿಸುವಾಗ ಅವರು ಮುಂದಕ್ಕೆ ಬಗ್ಗಿ, ಪರದೆಯ ಮೇಲೆ ಉಗುರಿನಿಂದ ಓರೆಯಾಗಿ ಒಂದು ಗೆರೆ ಎಳೆದರು. ಹೀಗೆ ಹೋದರೆ ಹೇಗೆ ಎನ್ನುವ ಹಾಗೆ ನನ್ನ ಮುಖ ನೋಡಿದರು. ನಾನು ಮಾಡಬೇಕೆಂದಿದ್ದದ್ದೂ ಅದೇ ಓರೆಯಾಗಿತ್ತು.

ಮುಗಿದ ಮೇಲೆ ಹೊಲಿಗೆ ಒಂದೊಂದಾಗಿ ಬೀಳುವುದನ್ನು ಪರದೆಯಲ್ಲಿ ಓಡಿಸಿ ತೋರಿಸಿದೆ. ಆಕೆ ಕೊನೆಯವರೆಗೂ ನೋಡಿದರು. ಆಮೇಲೆ ಎದ್ದು, ಬಾಗಿಲ ಹೊರಗೆ ಇಟ್ಟುಬಂದಿದ್ದ ದೊಡ್ಡ ಚೀಲವನ್ನು ಒಳಗೆ ಎಳೆದು ತಂದು ನನ್ನ ಕಾಲ ಬಳಿ ಇಟ್ಟರು. ಅದರ ತುಂಬ ಟೋಪಿಗಳು, ಅಂಗಿಯ ಜೇಬುಗಳು, ಒಂದೊಂದಕ್ಕೂ ಪಿನ್ನು ಚುಚ್ಚಿದ ಒಂದೊಂದು ಚಿತ್ರ. ನಮ್ಮವರ ಕಡೆ ತಿರುಗಿ ಏನೋ ಹೇಳಿದರು. ಇವರು ನಗುತ್ತಾ ತಲೆಯಾಡಿಸಿದರು.

"ಏನಂತೆ? ಕೆಲಸ ಕೊಟ್ರಾ?" ಎಂದರು ಅತ್ತೆ, ಕೂತಲ್ಲಿಂದಲೇ.

"ಕೊಟ್ರು ಅತ್ತೆ."

"ಹಾಗಾದ್ರೆ ನಾನು ಏಳ್ಲಾ? ಕಾಲು ಜೋಮು ಹಿಡ್ದುಬಿಟ್ಟಿದೆ."

ನಾನು ಚೀಲದಿಂದ ಮೊದಲನೆಯ ಚಿತ್ರ ಬಿಚ್ಚಿಕೊಳ್ಳುತ್ತಿದ್ದೆ. "ಇನ್ನೊಂದು ಸ್ವಲ್ಪ ಹೊತ್ತು ಕೂತಿರಿ ಅತ್ತೆ. ಇವರು ಬ್ಯಾಟರಿ ತರ್ತಾರೆ" ಎಂದೆ.